ಖಾಲಿ ಕೋವಿಯ ಸದ್ದು

ನಮ್ಮದು ಅರ್ಧ ಮನೆ. ದುಬೈಯ ಊದ್ ಮೇಥಾದ ಹಳೆಯ ಕಟ್ಟಡವೊಂದರ ಮೂರನೇ ಮಾಳಿಗೆಯಲ್ಲಿ ಎರಡು ಕೋಣೆಯ ಫ್ಲ್ಯಾಟು. ಒಂದು ಕೋಣೆ ನಮ್ಮದು, ಇನ್ನೊಂದು ಭಟ್ಕಳದ ಮುನೀರ್ ಭಾಯಿಯ ಸಂಸಾರದ್ದು. ಹಾಲ್, ಅಡುಗೆಮನೆ, ಬಚ್ಚಲು ಇಬ್ಬರಿಗೂ ಸೇರಿದ್ದು. ಬಾಡಿಗೆ ಕರಾರು ಮುನೀರ್ ಭಾಯಿಯ ಹೆಸರಲ್ಲಿತ್ತು. ಅವರು ಬೇಟೆ ಸಾಮಾನಿನ ಅಂಗಡಿಯ ಮ್ಯಾನೇಜರು, ಅಪ್ಪ ಅದೇ ಅಂಗಡಿಯ ಕೋವಿ ರಿಪೇರಿಯವರು. ಅಪ್ಪನಿಗೆ ಆ ಕೆಲಸವಿದ್ದುದರಿಂದ ನನಗೂ ಅಮ್ಮನಿಗೂ ವೀಸಾ. ಮುನೀರ್ ಭಾಯಿಯ ಮನಸ್ಸಿದ್ದುದರಿಂದ ನಮಗೆ ಆ ಕೋಣೆ. ಇಷ್ಟು ಲೆಕ್ಕ ನನಗೆ ಏಳನೇ ಕ್ಲಾಸಿಗೆ ಬರುವ ಮೊದಲೇ ಗೊತ್ತಿತ್ತು. ಗಲ್ಫಿನ ಮಕ್ಕಳಿಗೆ ಇದನ್ನು ಯಾರೂ ಕೂರಿಸಿ ಹೇಳಿಕೊಡುವುದಿಲ್ಲ, ಗೋಡೆಯಾಚೆಯ ಮಾತಿನಿಂದ ತಾನಾಗಿ ಬರುತ್ತದೆ. ಕೋಣೆಯೊಳಗೆ ನಮ್ಮದು ತುಳು, ಅವರದು ನವಾಯತಿ. ಅಡುಗೆಮನೆಗೆ ಬಂದರೆ ಕನ್ನಡ, ಅಮ್ಮನಿಗೂ ಫರೀದಾ ಆಂಟಿಗೂ ನಡುವೆ ಇದ್ದ ಭಾಷೆ ಅದೊಂದೇ. ನಾನು ಕನ್ನಡ ಕಲಿತದ್ದು ಆ ಒಲೆಯ ಬುಡದಲ್ಲಿ. ಒಲೆಗೆ ನಾಲ್ಕು ಬಾಯಿ. ಎಡದ ಎರಡು ಅಮ್ಮನದು, ಬಲದ ಎರಡು ಆಂಟಿಯದು. ಆದರೆ ಮೀನು ಹುರಿಯುವ ದಿನ ಗಡಿ ಯಾರೂ ನೋಡುತ್ತಿರಲಿಲ್ಲ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿ ಪದವಿ ತೆಗೆದುಕೊಂಡು ಇಳಿದವಳು ನಾನೇ ಮೊದಲು. ಎಂಜಿನಿಯರಿಂಗ್ ಓದಿದೆ, ಕಷ್ಟಪಟ್ಟೇ ಓದಿದೆ, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಅಪ್ಪ ಓದಿದ್ದು ಐದನೇ ಕ್ಲಾಸು. ಕಾರ್ಕಳದ ಹತ್ತಿರದ ಹಳ್ಳಿಯಿಂದ ದುಬೈಗೆ ಬಂದಾಗ ಅವರಿಗೆ ಅಂಗಡಿಯಲ್ಲಿ ಕೊಟ್ಟ ಕೆಲಸ ನೆಲ ಒರೆಸುವುದು. ಅಲ್ಲಿದ್ದ ವಯಸ್ಸಾದ ಜರ್ಮನ್ ರಿಪೇರಿಯವನು ಇವರ ಕೈಯ ನಿಧಾನ ನೋಡಿ ಪಕ್ಕದಲ್ಲಿ ನಿಲ್ಲಿಸಿಕೊಂಡ, ಅವನು ಊರಿಗೆ ಹೋದ ಮೇಲೆ ಆ ಮೇಜು ಅಪ್ಪನದಾಯಿತು. ಅಂಗಡಿಯ ವರ್ಕ್‌ಶಾಪ್ ರಾಸ್ ಅಲ್ ಖೋರಿನಲ್ಲಿ, ಕಾರಿನ ಗ್ಯಾರೇಜುಗಳ ಸಾಲಿನ ಕೊನೆಗೆ. ಪರವಾನಗಿ ಇದ್ದ ಅರಬರು ಬೇಟೆಗೆಂದು ಹೊರದೇಶಕ್ಕೆ ಹೋಗುವ ಮೊದಲು ಕೊಳ್ಳುವ ರೈಫಲ್‌ಗಳೆಲ್ಲ ಅಲ್ಲಿ ಬಿಚ್ಚಿ, ಒರೆಸಿ, ಶೂಟಿಂಗ್ ಕ್ಲಬ್ಬಿನ ಮೈದಾನದಲ್ಲಿ ಗುರಿ ನೋಡಿ ಹೊರಬೀಳುತ್ತಿದ್ದವು. ಫ್ಯಾಕ್ಟರಿಯಿಂದ ಬಂದದ್ದನ್ನು ಬಂದ ಹಾಗೆ ನಂಬುವುದು ಅಪ್ಪನ ಜಾಯಮಾನದಲ್ಲಿ ಇರಲಿಲ್ಲ. ಮೂರು ಗುಂಡು ಹಾರಿಸಿ, ನಳಿಗೆ ಪೂರ್ತಿ ತಣಿಯುವವರೆಗೆ ಕಾದು, ಇನ್ನೊಮ್ಮೆ ಮೂರು. ಮೂರೂ ಒಂದೇ ಕಡೆ ಬಿದ್ದರೆ ಮಾತ್ರ ಅದಕ್ಕೊಂದು ಒಳ್ಳೆಯ ಮಾತು. ಈ ಚಾಳಿ ಮನೆಗೂ ಬಂದಿತ್ತು. ಹೊಸ ಕುಕ್ಕರ್ ಬಂದರೆ ಮೂರು ಸಲ ಬರೀ ನೀರಿಟ್ಟು ಸೀಟಿ ಕೇಳಬೇಕು. ನಾನು ಮಗ್ಗಿ ಒಪ್ಪಿಸಿದರೆ ಮೂರು ಸಲ ಒಪ್ಪಿಸಬೇಕು.

"ಒಂದು ಸಲ ಸರಿಯಾದ್ರೆ ಅದು ಅದೃಷ್ಟ, ಎರಡು ಸಲ ಆದ್ರೂ ಅದೃಷ್ಟವೇ," ಎನ್ನುತ್ತಿದ್ದರು ಅಪ್ಪ.

"ಮದುವೆಯಾಗ್ಲಿಕ್ಕೆ ಮೊದಲು ನನ್ನನ್ನೂ ಮೂರು ಸಲ ನೋಡ್ಲಿಕ್ಕೆ ಬಂದಿದ್ರು," ಎಂದು ಅಮ್ಮ ಆಂಟಿಗೆ ಹೇಳುತ್ತಿದ್ದಳು. "ಮೂರು ಸಲವೂ ನಮ್ಮಮ್ಮನ ಬನ್ಸ್ ತಿಂದು ಹೋದ್ರು. ನಾಲ್ಕನೆಯದಕ್ಕೆ ಬಂದಿದ್ರೆ ಅಪ್ಪ ಬಾಗಿಲು ತೆಗೀತಿರ್ಲಿಲ್ಲ."

ಮನೆಯಲ್ಲಿ ನಾವು ಮೂವರಿದ್ದೆವು, ಆದರೆ ಬಡಿಸುವ ದಿನ ಎಲೆ ನಾಲ್ಕು. ನಾಲ್ಕನೆಯದು ದೂಮಣ್ಣ ದೊಡ್ಡಪ್ಪನದು. ನಾನು ಹುಟ್ಟುವ ಮೊದಲೇ, ಮದುವೆಯೂ ಆಗದೆ ತೀರಿಹೋದ ಅಪ್ಪನ ಅಣ್ಣ. ಸತ್ತ ಹಿರಿಯರನ್ನು ನಮ್ಮಲ್ಲಿ ಕುಲೆ ಎನ್ನುತ್ತಾರೆ. ದೀಪಾವಳಿಗೆ ಅವರಿಗೆ ಎಲೆ ಹಾಕಿ, ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಮುಚ್ಚಿ ಹೊರಗೆ ನಿಲ್ಲಬೇಕು. ಅವರು ಉಣ್ಣುವಾಗ ನೋಡಬಾರದು. ಊರಲ್ಲಾದರೆ ಅದಕ್ಕೆಂದೇ ಒಂದು ಮೂಲೆ ಇರುತ್ತದೆ. ನಮಗಿದ್ದದ್ದು ಒಂದು ಕೋಣೆ, ಅದರೊಳಗೇ ಮಂಚ, ಫ್ರಿಜ್, ನನ್ನ ಪುಸ್ತಕದ ಕಪಾಟು. ಅಪ್ಪ ಮಂಚದ ಕೆಳಗಿನ ಪೆಟ್ಟಿಗೆಗಳನ್ನು ಸರಿಸಿ, ನೆಲ ಒರೆಸಿ, ಕರಾಮಾದ ಮಾರುಕಟ್ಟೆಯಿಂದ ತಂದ ಬಾಳೆ ಎಲೆ ಹಾಕುತ್ತಿದ್ದರು. ಕೋಳಿ ಸುಕ್ಕ, ಹುರಿದ ಬಂಗುಡೆ, ಒಂದು ಕಟ್ಟು ಬೀಡಿ. ಬಾಗಿಲೆಳೆದುಕೊಂಡು ಹಾಲ್‌ನಲ್ಲಿ ನಾವು ಮೂವರೂ ಗೋಡೆಗೆ ಒರಗಿ ನಿಂತರೆ, ಮುನೀರ್ ಭಾಯಿ ಟಿವಿಯ ಸದ್ದು ತಾವಾಗಿ ಕಡಿಮೆ ಮಾಡುತ್ತಿದ್ದರು. ಅವರ ನಂಬಿಕೆಗೆ ಇದು ಸೇರಿದ್ದಲ್ಲ. ಆದರೂ ಫರೀದಾ ಆಂಟಿ ತನ್ನ ಮಕ್ಕಳನ್ನು ತಮ್ಮ ಕೋಣೆಯೊಳಗೆ ಕರೆದುಕೊಂಡು ಹೋಗಿ ಸುಮ್ಮನಿರಿಸುತ್ತಿದ್ದಳು. ಆ ಮುಚ್ಚಿದ ಬಾಗಿಲಿನ ಹಿಂದೆ ನನ್ನ ಹಾಸಿಗೆಯ ಪಕ್ಕ ಯಾರೋ ಕೂತಿದ್ದಾರೆ ಎಂಬುದು ನನಗೆ ಕತೆಯಾಗಿರಲಿಲ್ಲ. ನಮ್ಮ ಕೋಣೆಯಲ್ಲಿ ನಾಲ್ಕು ಜನ ಇರುವುದು, ಒಬ್ಬರು ಕಾಣುವುದಿಲ್ಲ, ಅಷ್ಟೇ ಎಂದುಕೊಂಡು ಬೆಳೆದೆ. ದೊಡ್ಡಪ್ಪ ಹೇಗೆ ಸತ್ತರು ಎಂದು ಕೇಳಿದರೆ ಅಮ್ಮ "ಹಂದಿ ಕಾಯ್ಲಿಕ್ಕೆ ಹೋಗಿ" ಎನ್ನುತ್ತಿದ್ದಳು. ಹಂದಿ ತಿವಿದಿರಬೇಕು ಎಂದು ನಾನೇ ಅಂದುಕೊಂಡಿದ್ದೆ.

ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ ಅಂಗಡಿಗೆ ಮೂರು ದೇಶದ ಮೂರು ಮಾದರಿಯ ರೈಫಲ್ ಬಂದವು. ಮುಂದಿನ ಬೇಟೆಯ ಕಾಲಕ್ಕೆ ಇವುಗಳಲ್ಲಿ ಒಂದನ್ನು ಆರಿಸಿ ದೊಡ್ಡ ಆರ್ಡರ್ ಕೊಡುವುದೆಂದು ಅಂಗಡಿಯ ಒಡೆಯ, ಅಬುಧಾಬಿಯ ಅರಬಾಬ್, ತೀರ್ಮಾನಿಸಿದ್ದರು. ಯಾವುದು ಎಂದು ನೋಡಿ ಹೇಳುವುದು ಅಪ್ಪನ ಪಾಲಿಗೆ ಬಂತು. ಅಪ್ಪ ಊಟಕ್ಕೆ ಕೂತಾಗ ಅವುಗಳ ವರದಿ ಕೊಡುತ್ತಿದ್ದರು. ಲಟ್ಟಣಿಗೆಯೇ ನಳಿಗೆ, ಚಪಾತಿ ಮಣೆಯೇ ಮರದ ಹಿಡಿ. ಅಮ್ಮ ಮೂರಕ್ಕೂ ಹೆಸರಿಟ್ಟಳು. ಫಿನ್‌ಲೆಂಡಿನದ್ದು ಟೀಚರಮ್ಮ: ಗುಂಡು ತುಂಬಲು ಅದರ ಬೋಲ್ಟ್ ಎಳೆದರೆ ಎಣ್ಣೆ ಹಚ್ಚಿದ ಗಾಜಿನ ಮೇಲೆ ಜಾರಿದ ಹಾಗೆ, ಮಾತಿಲ್ಲ, ತಪ್ಪಿಲ್ಲ, ನೂರು ಮೀಟರಿನಲ್ಲಿ ಮೂರು ತೂತೂ ಒಂದು ದಿರ್ಹಮ್ ನಾಣ್ಯದೊಳಗೆ, ಬೆಲೆ ಮಾತ್ರ ಹತ್ತಿರ ಸೇರಿಸುವುದಿಲ್ಲ. ಜರ್ಮನಿಯದ್ದು ಮದುಮಗಳು: ಅಕ್ರೋಟು ಮರದ ಹಿಡಿ, ಮೈಮೇಲೆ ಜಿಂಕೆಯ ಕೆತ್ತನೆ, ಮೊದಲ ಗುಂಡು ಚಿನ್ನ. ಆದರೆ ನಮ್ಮ ಸೆಕೆಗೆ ಮರ ಉಬ್ಬಿ ನಳಿಗೆಯನ್ನು ಒತ್ತುತ್ತದೆ, ನಳಿಗೆ ಬಿಸಿಯಾದ ಹಾಗೆ ಮೂರನೆಯ ಗುಂಡು ಎಲ್ಲಿಗೋ ಹೋಗುತ್ತದೆ. ಅಪ್ಪ ನಳಿಗೆಗೂ ಮರಕ್ಕೂ ನಡುವೆ ಒಂದು ತುಂಡು ಕಾಗದ ತೂರಿಸಿ ಎಳೆದು ನೋಡುತ್ತಿದ್ದರು. ಕಾಗದ ಎಲ್ಲೂ ಸಿಕ್ಕಿಹಾಕಿಕೊಳ್ಳಬಾರದು. ಮದುಮಗಳಲ್ಲಿ ಅದು ಸಿಕ್ಕಿಹಾಕಿಕೊಂಡಿತು. ಮೂರನೆಯದು ಅಮೆರಿಕದ್ದು, ಬಾವ: ಹಿಡಿ ಪ್ಲಾಸ್ಟಿಕ್ಕು, ಅಚ್ಚಿನ ಗೆರೆ ಹಾಗೇ ಕಾಣುತ್ತದೆ, ಬೋಲ್ಟ್ ಗಡಗಡ ಅಲ್ಲಾಡುತ್ತದೆ. ಆದರೆ ಮೂರು ತೂತು ಒಂದಕ್ಕೊಂದು ತಾಗಿಕೊಂಡು, ತಣಿಸಿ ಹೊಡೆದರೂ ಹಾಗೇ, ಬಿಸಿಯಲ್ಲಿ ಹೊಡೆದರೂ ಹಾಗೇ.

"ಬಾವ ನೋಡ್ಲಿಕ್ಕೆ ಪುಸ್ಕ, ಕೆಲಸಕ್ಕೆ ಸೈ," ಎಂದಳು ಅಮ್ಮ.

"ಅಗ್ಗವೂ ಹೌದು," ಎಂದರು ಮುನೀರ್ ಭಾಯಿ, ಬಾಗಿಲಲ್ಲಿ ಚಹಾದ ಲೋಟ ಹಿಡಿದು ನಿಂತು. "ನಿನ್ನ ಬಾವನಿಗೇ ಹೆಣ್ಣು ಕೊಡುವ ಸಂಜೀವ. ಅರಬಾಬನಿಗೆ ನಾನು ಹೇಳ್ತೇನೆ."

ಅಪ್ಪ ನಕ್ಕು ತಲೆಯಾಡಿಸಿದರು. ಅಪ್ಪ ಒಪ್ಪಿದರು ಎಂದೇ ಮುನೀರ್ ಭಾಯಿ ಅರಬಾಬನಿಗೆ ಮಾತು ಕೊಟ್ಟುಬಿಟ್ಟರು. ಅಪ್ಪ ನಕ್ಕದ್ದು ಬಾವನಿಗೆ ಹೆಣ್ಣು ಕೊಡುವ ತಮಾಷೆಗೆ ಇರಬೇಕು.

ಅದಾಗಿ ಕೆಲವು ದಿನಕ್ಕೆ, ವರ್ಕ್‌ಶಾಪಿನಲ್ಲಿ ಅಪ್ಪ ಒಬ್ಬರೇ ಇದ್ದಾಗ, ಬಾವನ ಬೋಲ್ಟ್ ಮುಚ್ಚಿ, ಸೇಫ್ಟಿ ಹಾಕಿದ್ದು ಹಾಕಿದ ಹಾಗೇ ಕುದುರೆಯನ್ನು, ಬೆರಳಿನಿಂದೆಳೆಯುವ ಟ್ರಿಗರನ್ನು, ಒಮ್ಮೆ ಮೆಲ್ಲಗೆ ಒತ್ತಿ ನೋಡಿ ಬಿಟ್ಟರು. ಅದು ಅವರ ಪರೀಕ್ಷೆಯ ಕೊನೆಯ ಭಾಗ. ಕೋವಿ ಖಾಲಿ. ಆಮೇಲೆ ಹೆಬ್ಬೆರಳಿನಿಂದ ಸೇಫ್ಟಿಯನ್ನು ಮುಂದೆ ತಳ್ಳಿದರು. ಕುದುರೆಯ ಹತ್ತಿರ ಬೆರಳಿಲ್ಲ. ಟಕ್. ಒಳಗಿನ ಸೂಜಿ ತಾನಾಗಿ ಬಿತ್ತು. ಗುಂಡಿದ್ದಿದ್ದರೆ ಅದು ಈಡು. ಅಪ್ಪ ಮತ್ತೆ ಮಾಡಿದರು, ಆಗಲಿಲ್ಲ. ಸಂಜೆವರೆಗೆ ಮಾಡಿದರು. ಎಸಿಯ ತಂಪಿನಲ್ಲಿಟ್ಟು ಮಾಡಿದರು, ಹೊರಗಿನ ಸೆಕೆಯಲ್ಲಿಟ್ಟು ಮಾಡಿದರು. ಉಳಿದ ಎರಡನ್ನೂ ಅದೇ ಮಾದರಿಯಲ್ಲಿ ನೋಡಿದರು. ಎಲ್ಲಿಯೂ, ಮತ್ತೆ ಯಾವತ್ತೂ, ಆ ಸದ್ದು ಬರಲಿಲ್ಲ. ಅಂದು ಅವರು ಮನೆಗೆ ಬಂದು ಉಂಡದ್ದು ನನಗೆ ನೆನಪಿದೆ. ಲಟ್ಟಣಿಗೆ ಕೇಳಲಿಲ್ಲ. ಅಮ್ಮ "ಬಾವ ಹೇಗಿದ್ದಾನೆ?" ಎಂದಾಗ ಅನ್ನ ಕಲಸುತ್ತಿದ್ದ ಕೈ ನಿಂತಿತು, ಅಷ್ಟೇ.

ಆಮೇಲಿನ ದಿನಗಳಲ್ಲಿ ನಮ್ಮ ಮನೆ ತುಂಬ ಟಕ್ ಎನ್ನುವ ವಸ್ತುಗಳಿವೆ ಎಂದು ನನಗೆ ಗೊತ್ತಾಯಿತು. ಸ್ವಿಚ್ಚು, ಬಾಗಿಲ ಚಿಲಕ, ನನ್ನ ಜಿಯಾಮೆಟ್ರಿ ಪೆಟ್ಟಿಗೆ. ಎಲ್ಲಕ್ಕಿಂತ ಹೆಚ್ಚು, ಅಡುಗೆಮನೆಯ ಗ್ಯಾಸ್ ಲೈಟರು. ಆಂಟಿ ಒಲೆ ಹೊತ್ತಿಸಿದಾಗಲೆಲ್ಲ ಅಪ್ಪನ ಭುಜ ಒಂದು ಸಣ್ಣ ಪೆಟ್ಟು ತಿಂದ ಹಾಗೆ ಅದುರುತ್ತಿತ್ತು. ಅಮ್ಮ ಯಾರಿಗೂ ಹೇಳದೆ ಲೈಟರನ್ನು ಅಕ್ಕಿಡಬ್ಬದ ಹಿಂದೆ ಅಡಗಿಸಿ ಬೆಂಕಿಪೆಟ್ಟಿಗೆ ತಂದಿಟ್ಟಳು. ದೀಪಾವಳಿ ಬಂತು. ಎಲೆ ಹಾಕಿದರು, ಬಾಗಿಲೆಳೆದರು. ಹೊರಗೆ ನಿಂತಿದ್ದಾಗ ಒಳಗಿನಿಂದ ಒಂದು ಸದ್ದು ಬಂತು. ಫ್ರಿಜ್ಜಿನ ಮೋಟಾರು ಹಾಗೆ ಆಗಾಗ ನಿಲ್ಲುತ್ತದೆ ಎಂದು ನನಗೂ ಗೊತ್ತು, ಅಪ್ಪನಿಗೂ ಗೊತ್ತು. ಆದರೆ ಅಪ್ಪ ಗೋಡೆ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು. ಬಾಗಿಲು ತೆಗೆಯುವ ಹೊತ್ತಾದರೂ ತೆಗೆಯಲಿಲ್ಲ. ಕೊನೆಗೆ ಅಮ್ಮ ಹೋಗಿ ತೆಗೆದಳು. ಅನ್ನ ಹಾಗೇ ಇತ್ತು, ಬೀಡಿಯ ಕಟ್ಟು ಹಾಗೇ ಇತ್ತು, ಎಸಿಯ ಗಾಳಿಗೆ ಎಲೆಯ ತುದಿ ಮಾತ್ರ ಎದ್ದು ಎದ್ದು ಬೀಳುತ್ತಿತ್ತು. ಪ್ರತಿ ಸಲ ಆಮೇಲೆ ನನ್ನ ಪಾಲಿಗೆ ಬರುತ್ತಿದ್ದ ಆ ಎಲೆಯ ಬಂಗುಡೆಯನ್ನು ಆ ವರ್ಷ ನಾನು ತಿನ್ನಲಿಲ್ಲ.

ಅಪ್ಪ ವಿಷಯ ಹೊರಗೆಡವಿದ್ದು ಒಂದು ಶುಕ್ರವಾರದ ಮಧ್ಯಾಹ್ನ. ಶುಕ್ರವಾರ ಎರಡೂ ಸಂಸಾರಕ್ಕೆ ಹಾಲ್‌ನಲ್ಲಿ ಒಟ್ಟಿಗೆ ಊಟ. ಮುನೀರ್ ಭಾಯಿ ನಮಾಜು ಮುಗಿಸಿ ಬಂದ ಮೇಲೆ ಆಂಟಿ ಶಾವಿಗೆ ಬಿರಿಯಾನಿಯ ಪಾತ್ರೆ ನಡುವೆ ಇಡುತ್ತಿದ್ದಳು. ಅಪ್ಪ ಎರಡು ತುತ್ತು ತಿಂದು, ಬಾವ ಬೇಡ ಎಂದು ಹೇಳಿದರು. ಯಾಕೆ ಎಂದೂ ಹೇಳಿದರು.

"ಎಷ್ಟು ಸಲ ಆಯ್ತು?" ಎಂದರು ಮುನೀರ್ ಭಾಯಿ.

"ಒಂದು."

"ಒಂದಾ? ಏ ಮಾರಾಯಾ, ಮೂರು ಸಲ ಆಗದೆ ನಂಬ್ಬೇಡಿ ಅಂತ ಈ ಮನೆಯ ಬೆಕ್ಕಿಗೂ ಪಾಠ ಮಾಡುವವ ನೀನು."

"ಅದು ಒಳ್ಳೆಯದಕ್ಕೆ ಮುನೀರ್ ಭಾಯಿ. ಕೆಟ್ಟದ್ದಕ್ಕೆ ಒಂದು ಸಾಕು."

"ಅರಬಾಬನಿಗೆ ನಾನು ಬಾಯಿ ಬಿಟ್ಟು ಹೇಳಿ ಆಗಿದೆ. ಈಗ ಹೋಗಿ ಎಂತ ಹೇಳ್ಲಿ? ನಮ್ಮ ಸಂಜೀವನಿಗೆ ಒಂದು ಟಕ್ ಕೇಳಿಸಿತು ಅಂತಲಾ? ಫ್ಯಾಕ್ಟರಿಯಲ್ಲಿ ಅಷ್ಟು ದೊಡ್ಡ ದೊಡ್ಡ ಎಂಜಿನಿಯರ್‌ಗಳು ಮಾಡಿದ್ದು. ನಿನ್ನ ಬೆರಳೇ ತಾಗಿರ್ಬೇಕು."

ಅಪ್ಪ ತಟ್ಟೆಯಲ್ಲೇ ಕೈ ಬಿಟ್ಟು ಎದ್ದರು. ಕೈ ತೊಳೆಯದೆ ಕೋಣೆಗೆ ಹೋದರು. ನಮ್ಮಲ್ಲಿ ಉಣ್ಣುವ ತಟ್ಟೆಯಿಂದ ಹಾಗೆ ಏಳುವುದೆಂದರೆ ಉಣಿಸಿದವರಿಗೆ ಮಾಡುವ ಅವಮಾನ. ಆಂಟಿಯ ಮುಖ ಸಣ್ಣದಾಯಿತು. ಅವಳು ಬಡಿಸುವ ಚಮಚವನ್ನು ಪಾತ್ರೆಯಲ್ಲಿಟ್ಟು, "ಉಪ್ಪು ಜಾಸ್ತಿ ಆಯ್ತಾ ಏನೋ," ಎಂದಳು, ಯಾರಿಗೂ ಅಲ್ಲ. ಅಮ್ಮ ಹಿಂದೆಯೇ ಕೋಣೆಗೆ ಬಂದಳು, ನಾನೂ ಬಂದೆ. ಒಂದೇ ಕೋಣೆ, ಹೋಗಲು ಬೇರೆ ಜಾಗವಿಲ್ಲ. ಅಪ್ಪ ಮಂಚದ ಅಂಚಿನಲ್ಲಿ ಕೂತು, ಒಣಗುತ್ತಿದ್ದ ಎಂಜಲ ಕೈಯನ್ನು ದೂರ ಹಿಡಿದುಕೊಂಡು ಹೇಳತೊಡಗಿದರು. ಅಮ್ಮನಿಗೆ ಅರ್ಧ ಗೊತ್ತಿದ್ದದ್ದು, ನನಗೆ ಏನೂ ಗೊತ್ತಿಲ್ಲದ್ದು.

ಊರಿನ ಮನೆಯಲ್ಲಿ ಒಂದು ಕೇಪಿನ ಕೋವಿ ಇತ್ತಂತೆ, ಗದ್ದೆಗೆ ಬರುವ ಹಂದಿ ಓಡಿಸಲು ಅಜ್ಜನ ಹೆಸರಲ್ಲಿ ಪರವಾನಗಿ. ಅದರಲ್ಲಿ ಕೇಪಿಗೆ ಬಡಿಯುವ ಸುತ್ತಿಗೆಯನ್ನು ಅರ್ಧ ಎಳೆದು ನಿಲ್ಲಿಸಿದರೆ ಸಿಡಿಯಬಾರದು, ಅದೇ ಅದರ ಸೇಫ್ಟಿ. ಒಂದು ದಿನ ಒರೆಸುತ್ತಿದ್ದಾಗ ಅಪ್ಪನ ಕೈಯಲ್ಲಿ ಆ ಸುತ್ತಿಗೆ ತಾನಾಗಿ ಜಾರಿ ಬಿತ್ತು. ಖಾಲಿ ಕೋವಿ, ಬರೀ ಸದ್ದು. ಅಣ್ಣನಿಗೆ ಹೇಳಿದರು. ಅಣ್ಣ ಬೀಡಿ ಕಚ್ಚಿಕೊಂಡು ನಕ್ಕನಂತೆ.

"'ನಿನ್ನ ಬೆರಳು ತಾಗಿರ್ಬೇಕು ಸಂಜೀವ, ಕೋವಿ ಎಂತ ಮಾಡಿತು' ಅಂದ. ಹೌದಾ ಏನೋ ಅಂತ ನನಗೂ ಅನಿಸಿತು. ಅವ ದೊಡ್ಡವ. ನನ್ನ ಕೈಗಿಂತ ಅವನ ಮಾತು ದೊಡ್ಡದು ಅಂತ ಸುಮ್ಮನಾದೆ. ಆಮೇಲೆ ಒಂದು ದಿನ ಅದೇ ಕೋವಿ ಮದ್ದು ತುಂಬಿಸಿ ಹೆಗಲಿಗೆ ಹಾಕಿಕೊಂಡು ಹೋದ. ಗದ್ದೆ ಬೇಲಿಯ ತಡಮೆ ದಾಟುವಾಗ ಕೋವಿಯನ್ನು ಈಚೆ ಒರಗಿಸಿ ಇಟ್ಟು, ಆಚೆ ಹೋಗಿ, ನಳಿಗೆ ಹಿಡಿದು ತನ್ನ ಕಡೆಗೆ ಎಳ್ಕೊಂಡ."

ಗೋಡೆಯಾಚೆ ಪಾತ್ರೆ ತೆಗೆಯುವ ಸದ್ದು. ನಾನು ನೆಲ ನೋಡಿದೆ, ಎಲೆ ಹಾಕುವ ಜಾಗ.

ಅಮ್ಮ ಅಪ್ಪನ ಕೈಯನ್ನು ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋಗಿ ತೊಳೆದಳು, ಮಗುವಿನ ಕೈ ತೊಳೆದ ಹಾಗೆ. ಅವಳಿಗೆ ಕನಿಕರವಿರಲಿಲ್ಲ ಎಂದು ಯಾರೂ ಹೇಳಬಾರದು. ಆದರೆ ಅಮ್ಮನಿಗೆ ನಾಳೆಯ ಬೆಳಗೂ ಕಾಣುತ್ತಿತ್ತು. ಆ ವಾರವೆಲ್ಲ ಅಪ್ಪ ಕೆಲಸಕ್ಕೆ ಹೊರಡುವ ಮುಂಚೆ, ಬುತ್ತಿ ಕಟ್ಟುತ್ತ, ಅವಳು ಒಂದೇ ಮಾತನ್ನು ಬೇರೆ ಬೇರೆ ಕಡೆಯಿಂದ ಹೇಳುತ್ತಿದ್ದಳು. ಮುನೀರ್ ಭಾಯಿಯ ಮಾತು ಬಿದ್ದುಹೋದರೆ ಅವರು ನಮ್ಮನ್ನು ಇಟ್ಟುಕೊಳ್ಳುವುದಿಲ್ಲ. ಬೇರೆ ಕಡೆ ಕೆಲಸ ಸಿಕ್ಕರೂ ಸಂಸಾರಕ್ಕೆ ವೀಸಾ ಕೊಡುವ ಕೆಲಸ ಸಿಕ್ಕುವುದಿಲ್ಲ. ಅಪ್ಪ ಕೂಲಿಯವರ ಕ್ಯಾಂಪಿಗೆ, ನಾವು ಊರಿಗೆ.

"ಸತ್ತವರಿಗೆ ವರ್ಷಕ್ಕೊಂದು ಎಲೆ ಸಾಕು. ನಮಗೆ ದಿನಾ ಬೇಕು."

"ಗೊತ್ತುಂಟು."

"ಶಶಿಯ ಶಾಲೆ ನಡುವಿನಲ್ಲಿ ಉಂಟು. ಅವಳು ಓದ್ತಾಳೆ. ನಿಮ್ಮ ಕಡೆ, ನನ್ನ ಕಡೆ, ಯಾರಾದ್ರೂ ಓದಿದವರು ಇದ್ದಾರಾ?"

"ಇಲ್ಲ."

"ಮತ್ತೆ? ಚಂದ ಉಂಟು ಅಂತ ಒಂದು ಮಾತು ಹೇಳಿ ಬನ್ನಿ. ಕೋವಿ ಹೊಡೆಯುವವ ಒಬ್ಬ, ಮಾಡಿದವ ಇನ್ನೊಬ್ಬ. ನಡುವೆ ನಿಮ್ಮದು ಎಂತ?"

ಅಪ್ಪ ಬುತ್ತಿ ತೆಗೆದುಕೊಂಡು ಹೋಗುತ್ತಿದ್ದರು. ಮೂರು ಸಲ ಒಪ್ಪಿಸಿದ ಮಗ್ಗಿಯ ಹಾಗೆ ನನಗೂ ಆ ಮಾತು ಬಾಯಿಪಾಠವಾಯಿತು. ನನಗೆ ಹೋಗುವ ಮನಸ್ಸಿರಲಿಲ್ಲ ಎಂದು ಇಲ್ಲಿ ನೇರವಾಗಿಯೇ ಬರೆಯುತ್ತೇನೆ. ನನ್ನ ಶಾಲೆ ನಡೆದು ಹೋಗುವಷ್ಟು ಹತ್ತಿರ, ನನ್ನ ಗೆಳತಿಯರು ಅಲ್ಲಿ. ಅಪ್ಪ ಅರಬಾಬನಿಗೆ ಝೈನ್, ಚೆನ್ನಾಗಿದೆ, ಎಂದು ಹೇಳಲಿ ಎಂದೇ ನಾನು ಬೇಡಿಕೊಂಡದ್ದು, ಅದೂ ಬೇರೆ ಯಾರಲ್ಲೂ ಅಲ್ಲ, ನಮ್ಮ ಕೋಣೆಯ ಕಾಣದವರಲ್ಲಿ. ದೊಡ್ಡಪ್ಪ, ಅಪ್ಪನನ್ನು ಬಿಟ್ಟುಬಿಡಿ ಎಂದು.

ಚಳಿಗಾಲದಲ್ಲಿ ಅರಬಾಬ್ ಅಂಗಡಿಯವರನ್ನೆಲ್ಲ ಸಂಸಾರ ಸಮೇತ ತಮ್ಮ ತೋಟಕ್ಕೆ ಊಟಕ್ಕೆ ಕರೆಯುವ ಪದ್ಧತಿಯಿತ್ತು. ಅಬುಧಾಬಿ ದಾರಿಯಲ್ಲಿ ಎಡಕ್ಕೆ ತಿರುಗಿ, ಮರಳ ನಡುವೆ ಖರ್ಜೂರದ ಸಾಲು, ಬೇಲಿಯೊಳಗೆ ಆಡುಗಳು. ಮುನೀರ್ ಭಾಯಿಯ ಕಾರಿನಲ್ಲೇ ಎಲ್ಲರೂ ಹೋದೆವು. ಮುಂದೆ ಕೂತ ಇಬ್ಬರೂ ರಸ್ತೆಯನ್ನೇ ನೋಡುತ್ತಿದ್ದರು, ಹಿಂದೆ ಕೂತ ಇಬ್ಬರು ಹೆಂಗಸರು ಮಕ್ಕಳ ಸೀಟಿನ ಬಗ್ಗೆ ಮಾತ್ರ ಮಾತಾಡಿದರು. ಹೆಂಗಸರಿಗೆ ಒಳಗಿನ ಮನೆ. ನಾನು ಇನ್ನೂ ಚಿಕ್ಕವಳೆಂದು ಅಪ್ಪನ ಜತೆ ಗಂಡಸರು ಕೂರುವ ಮಜ್ಲಿಸಿನಲ್ಲಿ ಗೋಡೆಯ ದಿಂಬಿಗೆ ಒರಗಿ ಕೂತೆ. ಅರಬಾಬ್ ಮುದುಕರು, ಬಿಳಿ ಗಡ್ಡ, ಮೆಲು ದನಿ. ಕಾಫಿ ತಾವೇ ಬಗ್ಗಿಸಿದರು. ಮೂರೂ ರೈಫಲ್‌ಗಳನ್ನು ಕಂಬಳಿಯ ಮೇಲೆ ಸಾಲಾಗಿ ಇಟ್ಟಿದ್ದರು, ಬೋಲ್ಟ್ ತೆಗೆದು. ನಮ್ಮ ಮನೆಯ ಲಟ್ಟಣಿಗೆಯಲ್ಲಿ ನೋಡಿದ ಟೀಚರಮ್ಮ, ಮದುಮಗಳು, ಬಾವ. ಕಣ್ಣೆದುರು ಕಂಡಾಗ ಮೂರೂ ಒಂದೇ ತರದ ಉದ್ದನೆಯ ಕಪ್ಪು ನಳಿಗೆಗಳು, ನನಗೆ ಹೆದರಿಕೆಯಾಯಿತು. ಅರಬಾಬ್ ಬಾವನನ್ನು ಎತ್ತಿ, ತೂಕ ನೋಡಿ, ಅಪ್ಪನ ಕಡೆ ತಿರುಗಿದರು.

"ಸಂಜೀವ್. ಝೈನ್?"

ಮುನೀರ್ ಭಾಯಿ ಅಪ್ಪನನ್ನು ನೋಡಲಿಲ್ಲ. ತಮ್ಮ ಕಪ್ಪಿನೊಳಗೆ ನೋಡುತ್ತಿದ್ದರು. ಅಪ್ಪನ ಕೈ ನನ್ನ ಕೈಯ ಪಕ್ಕ ಕಂಬಳಿಯ ಮೇಲಿತ್ತು, ಅದರ ಹೆಬ್ಬೆರಳು ತಾನಾಗಿ ಮುಂದಕ್ಕೆ ಹಿಂದಕ್ಕೆ ಆಡುತ್ತಿತ್ತು, ಏನನ್ನೋ ತಳ್ಳಿ ತಳ್ಳಿ ನೋಡುವ ಹಾಗೆ.

"ಗುರಿ ಝೈನ್, ಅರಬಾಬ್," ಎಂದರು. ಆಮೇಲೆ, "ಸೇಫ್ಟಿ ಮಾಫಿ ಝೈನ್," ಚೆನ್ನಾಗಿಲ್ಲ ಎಂದು.

ಅರಬಾಬ್ ಯಾಕೆ ಎಂದು ಕೇಳಲಿಲ್ಲ. ಬಾವನನ್ನು ಕಂಬಳಿಯ ಮೇಲಿಟ್ಟು, ಅಂಗೈಯನ್ನು ಅಂಗೈಗೆ ಒರೆಸಿದರು.

"ಖಲಾಸ್."

ಆಮೇಲೆ ಕುರಿಯ ಊಟ ಬಂತು. ಅರಬಾಬ್ ಒಳ್ಳೆಯ ತುಂಡನ್ನು ಕಿತ್ತು ಅಪ್ಪನ ಮುಂದಿಟ್ಟರು, ಇನ್ನೊಂದನ್ನು ನನ್ನ ಮುಂದೆ. ಮುನೀರ್ ಭಾಯಿಯ ಮುಂದೆ ಇಡಲಿಲ್ಲ. ಮರೆತರೋ, ಬೇಕೆಂದೇ ಮಾಡಿದರೋ, ಆ ಇಡೀ ಮಜ್ಲಿಸಿಗೆ ಅದು ಕಂಡಿತು.

ಹಾಗೆ ನಮ್ಮ ಅರ್ಧ ಮನೆ ಹೋಯಿತು. ಯಾರೂ ಯಾರನ್ನೂ ಬೈಯಲಿಲ್ಲ. ಮುನೀರ್ ಭಾಯಿ ತಮ್ಮ ತಮ್ಮನ ಸಂಸಾರ ಊರಿಂದ ಬರುತ್ತದೆ, ಕೋಣೆ ಬೇಕು ಎಂದರು. ತಮ್ಮ ನಿಜವಾಗಿ ಬಂದನೋ ಇಲ್ಲವೋ ನನಗೆ ಗೊತ್ತಿಲ್ಲ. ಅಂಗಡಿಯಲ್ಲಿ ಅಪ್ಪನ ಮೇಜಿಗೆ ಬೇರೆ ಯಾರನ್ನೋ ತರಿಸುವ ಮಾತು ನಡೆಯಿತು. ಅರಬಾಬ್ ಮುದುಕರು, ದಿನದ ಕೆಲಸವೆಲ್ಲ ಮ್ಯಾನೇಜರನ ಕೈಯಲ್ಲಿ. ಬಾವನನ್ನು ಫ್ಯಾಕ್ಟರಿಗೆ ವಾಪಸು ಕಳಿಸಿದರು. ಅಲ್ಲಿಂದ ಉತ್ತರ ಬಂತು: ಬಿಚ್ಚಿ ನೋಡಿದ್ದೇವೆ, ಯಾವ ದೋಷವೂ ಇಲ್ಲ. ಅದನ್ನು ಮುನೀರ್ ಭಾಯಿ ಹಾಲ್‌ನಲ್ಲಿ ನಿಂತು ದೊಡ್ಡದಾಗಿ ಓದಲಿಲ್ಲ. ಅವರ ಒಳ್ಳೆಯತನ ಅಷ್ಟಿತ್ತು. ಆಂಟಿ ಅಡುಗೆಮನೆಯಲ್ಲಿ ಅಮ್ಮನಿಗೆ ಹೇಳಿದಳು, ಈರುಳ್ಳಿ ಹೆಚ್ಚುತ್ತ, ಮುಖ ಎತ್ತದೆ. ಒಲೆಯ ನಡುವೆ ಗಡಿ ಮತ್ತೆ ಎದ್ದಿತ್ತು. ಅಮ್ಮ ತನ್ನ ಬದಿಯ ಬೆಂಕಿ ಸಣ್ಣ ಮಾಡಿ, ಗೋಡೆ ನೋಡಿಕೊಂಡು, ದೂಮಣ್ಣ ದೊಡ್ಡಪ್ಪನ ಕತೆ ಹೇಳಿದಳು. ಆಂಟಿಯ ಚೂರಿ ನಿಂತಿತು. ಅಲ್ಲಾ, ಎಂದಳು ಮೆಲ್ಲಗೆ.

ನಾವು ಪೆಟ್ಟಿಗೆ ಕಟ್ಟುತ್ತಿದ್ದ ದಿನ ಮುನೀರ್ ಭಾಯಿ ನಮ್ಮ ಕೋಣೆಯ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ.

"ಸಂಜೀವ, ನಿನ್ನ ಅಣ್ಣನ ವಿಷಯ ಫರೀದಾ ಹೇಳಿದ್ಲು. ನನಗೆ ಮೊದಲೇ ಹೇಳ್ಬಹುದಿತ್ತಲ್ಲ ಮಾರಾಯಾ."

ಅಪ್ಪ ಹಗ್ಗ ಬಿಗಿಯುತ್ತಿದ್ದರು.

"ಹೇಳಿದ್ರೆ ನೀವು ಕೋವಿಯ ಮೇಲೆ ಸಂಶಯ ಪಡ್ತಿದ್ರಾ ಮುನೀರ್ ಭಾಯಿ, ನನ್ನ ಮೇಲೆ ಪಡ್ತಿದ್ರಾ?"

ಮುನೀರ್ ಭಾಯಿ ಒಳಗೆ ಬಂದು ಹಗ್ಗದ ಇನ್ನೊಂದು ತುದಿ ಹಿಡಿದು ಗಂಟಿಗೆ ಬೆರಳೊತ್ತಿ ಕೊಟ್ಟರು. ಅಪ್ಪನಿಗೆ ಜೆಬೆಲ್ ಅಲಿಯ ಗೋದಾಮಿನಲ್ಲಿ ಕೆಲಸ ಹುಡುಕಿಕೊಟ್ಟದ್ದೂ ಅವರೇ ಎಂದು ನನಗೆ ಬಹಳ ವರ್ಷದ ಮೇಲೆ ತಿಳಿಯಿತು. ಗೋದಾಮಿನ ಕೆಲಸ, ಕ್ಯಾಂಪಿನ ವಾಸ, ಕಂಪನಿ ಬಸ್ಸು. ಸಂಸಾರಕ್ಕೆ ವೀಸಾ ಇಲ್ಲ.

ನಾನು ಕಾರ್ಕಳಕ್ಕೆ ಬಂದು ಕನ್ನಡ ಶಾಲೆಗೆ ಸೇರಿ, ಅಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದು, ಹಲ್ಲು ಕಚ್ಚಿ ಮೇಲೆ ಬಂದದ್ದು, ಅಮ್ಮ ಬೀಡಿ ಕಟ್ಟಿ ನನ್ನನ್ನು ಓದಿಸಿದ್ದು ಬೇರೆ ಕತೆ. ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿ, ಯಂತ್ರಗಳ ಬಿಡಿಭಾಗಗಳ ಪಾಠ ನಡೆಯುವಾಗ, ನಾನು ಆ ಕೋವಿಯ ಒಳಭಾಗವನ್ನು ನನ್ನಷ್ಟಕ್ಕೆ ಕಾಗದದ ಮೇಲೆ ಬಿಡಿಸಿ ನೋಡಿದೆ. ಕುದುರೆ ಒತ್ತಿದಾಗ ಒಳಗಿನ ಕೊಕ್ಕೆ ಕೂದಲೆಳೆಯಷ್ಟು ಸರಿದು, ಫ್ಯಾಕ್ಟರಿಯ ಗ್ರೀಸ್ ತಂಪಿಗೆ ಗಟ್ಟಿಯಾಗಿ ಅದು ಹಿಂದಕ್ಕೆ ಬಾರದೆ ನಿಂತರೆ, ಸೇಫ್ಟಿ ತೆಗೆದ ಕ್ಷಣ ಸೂಜಿ ಬೀಳಬಹುದು. ಒಮ್ಮೆ ಬಿದ್ದ ಮೇಲೆ ಗ್ರೀಸ್ ಒರೆಸಿಹೋಗಿ ಮತ್ತೆ ಬೀಳದೆಯೂ ಇರಬಹುದು. ಬೆರಳು ತಾಗಿದ್ದರೂ ಅದೇ ಸದ್ದು ಬರುತ್ತದೆ. ಓದಿದವಳಾಗಿ ನಾನು ಹೇಳಬಹುದಾದದ್ದು ಇಷ್ಟೇ, ಇದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾಗುತ್ತದೆ. ಆರ್ಡರ್ ಟೀಚರಮ್ಮನಿಗೆ ಹೋಯಿತು. ಬಾವ ಆ ಅಂಗಡಿಯಿಂದ ಯಾರ ಹೆಗಲಿಗೂ ಏರಲಿಲ್ಲ. ಯಾರೂ ಸಾಯಲಿಲ್ಲ, ಆದ್ದರಿಂದ ಅಪ್ಪ ಹೇಳಿದ್ದು ಸರಿಯೋ ತಪ್ಪೋ ಯಾರಿಗೂ ಗೊತ್ತಾಗಲಿಲ್ಲ. ಈಗ ನಾನೂ ದುಬೈಯಲ್ಲೇ ಯಂತ್ರಗಳ ತಪಾಸಣೆಯ ಕೆಲಸದಲ್ಲಿದ್ದೇನೆ. ಊದ್ ಮೇಥಾದ ಆ ಕಟ್ಟಡದ ಮುಂದೆ ಕಾರಿನಲ್ಲಿ ಹೋಗುವಾಗ ಮೂರನೇ ಮಾಳಿಗೆಯ ಕಿಟಕಿ ನೋಡುತ್ತೇನೆ, ನಿಲ್ಲಿಸುವುದಿಲ್ಲ.

ನಾವು ಹೊರಟದ್ದು ಬೆಳಗಿನ ವಿಮಾನಕ್ಕೆ. ಏರ್‌ಪೋರ್ಟಿನಲ್ಲಿ ಒಳಗೆ ಬಿಡುವ ಗೇಟಿನವರೆಗೆ ಅಪ್ಪ ಟ್ರಾಲಿ ತಳ್ಳಿಕೊಂಡು ಬಂದರು. ಅಮ್ಮ ಎರಡು ವಾರದಿಂದ ಅವರ ಜತೆ ಬೇಕಾದಷ್ಟೇ ಮಾತಾಡುತ್ತಿದ್ದಳು: ಹಗ್ಗ, ಪಾಸ್‌ಪೋರ್ಟು, ಉಪ್ಪಿನಕಾಯಿಯ ಬಾಟಲಿ. ಸಾಲು ಉದ್ದವಿತ್ತು. ಅಪ್ಪ ಬಗ್ಗಿ ನನ್ನ ಶೂ ಲೇಸ್ ಕಟ್ಟುತ್ತಿದ್ದರು, ನಾನು ಕಟ್ಟಿಕೊಳ್ಳಬಲ್ಲವಳಾಗಿದ್ದರೂ. ಅವರ ನೆತ್ತಿ ನನ್ನ ಕಣ್ಣ ಕೆಳಗಿತ್ತು. ಮುಖ ಕಾಣದಿದ್ದುದರಿಂದ ಕೇಳಲು ಧೈರ್ಯ ಬಂತು.

"ಅಪ್ಪಾ, ಅದು ನಿಜವಾಗಿ ತಾನಾಗಿ ಬಿದ್ದದ್ದಾ? ನಿಮ್ಮ ಬೆರಳು ತಾಗ್ಲಿಲ್ವಾ?"

ಅಪ್ಪ ಲೇಸ್ ಬಿಗಿದರು. ಇನ್ನೊಂದು ಕಾಲಿನದ್ದನ್ನೂ ಬಿಚ್ಚಿ ಕಟ್ಟಿದರು. ಕುಕ್ಕರಿನಿಂದ ಕೋವಿಯವರೆಗೆ ಎಲ್ಲದರ ಮೇಲೂ ತೀರ್ಪು ಕೊಡುತ್ತಿದ್ದ ಮನುಷ್ಯ. ಹೌದು ಎನ್ನುತ್ತಾರೆ ಎಂದೇ ನಾನು ಕಾದಿದ್ದೆ. ಹೌದು ಎಂದಿದ್ದರೆ ನನಗೆ ಊರಿಗೆ ಹೋಗುವುದು ಸ್ವಲ್ಪ ಸುಲಭವಾಗುತ್ತಿತ್ತು.

"ಗೊತ್ತಿಲ್ಲ ಮಗಾ," ಎಂದರು.

"ಮತ್ತೆ ಬೇಡ ಅಂದ್ರಲ್ಲ?"

"ಗೊತ್ತಿಲ್ಲ ಅಂತಲೇ ಬೇಡ ಅಂದದ್ದು."

ಅಮ್ಮ ಅದನ್ನು ಕೇಳಿಸಿಕೊಂಡಳು. ನಮ್ಮ ಹಿಂದಿನವನು ಟ್ರಾಲಿಯಿಂದ ಮೆಲ್ಲಗೆ ತಳ್ಳಿದ, ಸಾಲು ಮುಂದೆ ಹೋಯಿತು, ಗೇಟಿನ ಪೊಲೀಸು ಪಾಸ್‌ಪೋರ್ಟಿಗೆ ಕೈ ಚಾಚಿದ. ಅಮ್ಮ ಕೊಟ್ಟಳು. ಕೊಟ್ಟು, ತಿರುಗಿ, ಅಪ್ಪನ ಅಂಗಿಯ ಕಾಲರು ಒಂದು ಬದಿ ಮಡಚಿದ್ದನ್ನು ಎಳೆದು ಸರಿಮಾಡಿ ಕೇಳಿದಳು:

"ಇವತ್ತು ಮಧ್ಯಾಹ್ನ ಊಟಕ್ಕೆ ಎಂತ ಮಾಡ್ತೀರಿ?"